ಮಗಳದು ಟೈಪ್ 1, ಅಪ್ಪನದು ಟೈಪ್ 2, ದೂರು ಮಾತ್ರ ಇಬ್ಬರ ಮೇಲೂ

ಹೆಸರು, ಊರು, ಕೆಲಸ ಎಲ್ಲ ಬದಲಾಯಿಸಿದ್ದೇನೆ. ಮನೆಯವರು ಒಪ್ಪಿದ ಮೇಲೇ ಬರೆಯುತ್ತಿರುವುದು.

ಹುಡುಗಿಯನ್ನ ಸಹನಾ ಅಂತ ಕರೆಯೋಣ. 19 ವರ್ಷ, ಬಿಎಸ್ಸಿ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿದ್ದಾಳೆ. 11ನೇ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಇರುವುದು ಗೊತ್ತಾಯಿತು. ಅಪ್ಪನಿಗೆ 52, ದಾವಣಗೆರೆ ಕಡೆ ಒಂದು ತಾಲ್ಲೂಕು ಊರಲ್ಲಿ ಬಟ್ಟೆ ಅಂಗಡಿ. ಅವರಿಗೂ ಶುಗರ್ ಇದೆ, ಟೈಪ್ 2, ಹತ್ತು ವರ್ಷದ ಮೇಲಾಯಿತು. ಅಮ್ಮ ಪ್ರೈಮರಿ ಶಾಲೆ ಟೀಚರ್. ಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದವರು ಅಮ್ಮ. ಅಪ್ಪ ಕಾರು ಓಡಿಸಿಕೊಂಡು ಬಂದು ಹೊರಗಡೆ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದರು.

ಬಂದ ಕಾರಣ ಇಷ್ಟು. ಸಹನಾ ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ಆಗಿ ಐಸಿಯು ಸೇರಿದ್ದಳು. ವಾಂತಿ, ಹೊಟ್ಟೆನೋವು, ಏದುಸಿರು. ಹಾಸ್ಟೆಲ್‌ನವರು ಗ್ಯಾಸ್ಟ್ರಿಕ್ ಅಂದುಕೊಂಡು ಒಂದು ರಾತ್ರಿ ಕಳೆದಿದ್ದಾರೆ. ಆಸ್ಪತ್ರೆಯಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ನೋಡಿದರೆ 10.8. ಅಂದರೆ ಅಷ್ಟೂ ದಿನ ಸಕ್ಕರೆ ಏರಿಯೇ ಇತ್ತು. ಮಧ್ಯಾಹ್ನದ ಇನ್ಸುಲಿನ್ ಸುಮಾರು ದಿನ ಹಾಕಿಕೊಂಡೇ ಇಲ್ಲ. "ಏಳು ವರ್ಷದಿಂದ ತಾನೇ ಹಾಕ್ಕೊಳ್ಳೋ ಹುಡುಗಿ ಯಾಕೆ ಬಿಟ್ಟಳೋ ಕೇಳಿ ಮೇಡಂ, ನಮ್ಮ ಹತ್ರ ಬಾಯಿ ಬಿಡ್ತಿಲ್ಲ" ಅಂದರು ಅಮ್ಮ.

ಅಮ್ಮನನ್ನ ಹೊರಗೆ ಕಳಿಸಿದ ಮೇಲೆ ಬಾಯಿ ಬಿಟ್ಟಳು. ಹಾಸ್ಟೆಲ್ ರೂಮಿನಲ್ಲಿ ಮೂರು ಜನ, ಉಳಿದಿಬ್ಬರಿಗೆ ತನಗೆ ಥೈರಾಯ್ಡ್ ಅಂತ ಹೇಳಿದ್ದಾಳೆ. ಬೆಳಗ್ಗೆ, ರಾತ್ರಿ ಬಾತ್‌ರೂಮಿನಲ್ಲಿ ಇನ್ಸುಲಿನ್ ಪೆನ್ (ಪೆನ್ನಿನ ಆಕಾರದ ಇಂಜೆಕ್ಷನ್) ಹಾಕಿಕೊಳ್ಳುತ್ತಾಳೆ. ಮಧ್ಯಾಹ್ನ ಕಾಲೇಜಿನ ಟಾಯ್ಲೆಟ್ ಮುಂದೆ ಸಾಲು, ಬಾಗಿಲಿಗೆ ಚಿಲಕ ನೆಟ್ಟಗಿಲ್ಲ, ಬೆಲ್ ಹೊಡೆಯುತ್ತೆ. ಸರಿ, ಇವತ್ತೊಂದಿನ ಬಿಡೋಣ. ಹಾಗೆ ಬಿಟ್ಟಿದ್ದು ಅಭ್ಯಾಸವಾಗಿದೆ.

ಮುಚ್ಚಿಡೋದಕ್ಕೆ ಕಾರಣ? ಮೊದಲನೇ ವರ್ಷ ಕ್ಲಾಸಿನ ಹುಡುಗಿಯೊಬ್ಬಳು ಬ್ಯಾಗಲ್ಲಿ ಪೆನ್ ನೋಡಿ, "ಅಯ್ಯೋ, ನಮ್ಮಜ್ಜಿಗೂ ಇದೆ ಕಣೇ, ಸಣ್ಣೋಳಿದ್ದಾಗ ಚಾಕ್ಲೇಟ್ ಜಾಸ್ತಿ ತಿಂತಿದ್ಯಾ?" ಅಂತ ಕೇಳಿ ನಕ್ಕಳಂತೆ. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಆದರೂ ಇವಳಿಗೆ ಉತ್ತರ ಬರಲಿಲ್ಲ. "ನಂದು ಬೇರೆ ಥರದ್ದು, ತಿನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಬಹುದಿತ್ತಲ್ಲಾ?" ಅಂತ ಕೇಳಿದೆ. ಅವಳು ಹೇಳಿದ್ದನ್ನ ಇದ್ದ ಹಾಗೇ ಬರೆಯುತ್ತೇನೆ: "ಹೇಳ್ಬಹುದು ಮೇಡಂ. ನಂದು ಆ ಥರದ್ದಲ್ಲ ಅಂದ್ರೆ ಅಪ್ಪಾಜಿನ ಬೈದ ಹಾಗೆ ಆಗುತ್ತೆ."

ಆಮೇಲೆ ಒಂದು ಗೃಹಪ್ರವೇಶದ ಕಥೆ ಹೇಳಿದಳು. ಸಾಲಿನಲ್ಲಿ ಎಲೆ ಹಾಕಿದೆ, ಹೋಳಿಗೆ ಬಡಿಸ್ತಾ ಬರ್ತಿದ್ದಾರೆ. ಸಹನಾ ಎಲೆಗೆ ಹೋಳಿಗೆ ಹಾಕಿಸಿಕೊಂಡಿದ್ದನ್ನ ನೋಡಿ ಪಕ್ಕದ ಎಲೆಯ ಸಂಬಂಧಿಕರು "ಇಷ್ಟು ಚಿಕ್ಕ ವಯಸ್ಸಿಗೇ ಶುಗರ್, ಇನ್ನೂ ಬಾಯಿ ಚಪಲ ಬಿಟ್ಟಿಲ್ಲ ನೋಡು" ಅಂದರು. ಅಮ್ಮನಿಗೆ ಸಿಟ್ಟು ಬಂತು. ಮಗಳ ಪರ ನಿಂತರು. "ಇವಳದು ಟೈಪ್ ಒನ್ ರೀ, ತಿಂದು ಬಂದಿದ್ದಲ್ಲ. ತಿಂದು ಬರೋದು ಅಂದ್ರೆ ಅಗೋ, ಅಲ್ಲಿ ಕೂತಿದಾರಲ್ಲ ನಮ್ಮನೆಯವರು, ಅವರದು." ಸಾಲಿಡೀ ನಕ್ಕಿತು. ಎದುರು ಸಾಲಿನಲ್ಲಿ ಅಪ್ಪ ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿದ್ದರು. ಅದನ್ನ ಎಲೆ ಅಂಚಿಗೆ ಸರಿಸಿ, ಬಡಿಸುವ ಹುಡುಗನಿಗೆ "ಮಜ್ಜಿಗೆ ತಾರಪ್ಪ" ಅಂದರಂತೆ. ಅನ್ನ ಬಡಿಸೋದೇ ಇನ್ನೂ ಬಾಕಿ ಇತ್ತು.

ಟೈಪ್ 1 ಮಕ್ಕಳಿರುವ ಸುಮಾರು ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಆ ತಂದೆತಾಯಿಗಳ ಸಂಕಟ ಅರ್ಥವಾಗುತ್ತೆ. ಏನೂ ತಪ್ಪು ಮಾಡದ ಮಗುವನ್ನ ಊರೆಲ್ಲ "ಏನು ತಿನ್ನಿಸಿದ್ರಿ?" ಅಂತ ಕೇಳುತ್ತಿದ್ದರೆ ಸುಮ್ನೆ ಇರೋದು ಕಷ್ಟ. ಆದರೆ ಕೊಡುವ ಉತ್ತರ ಕಳಂಕವನ್ನ ಅಳಿಸುತ್ತಿಲ್ಲ, ಪಕ್ಕದವರ ತಲೆಗೆ ಕಟ್ಟುತ್ತಿದೆ. ಈ ಮನೆಯಲ್ಲಿ ಆ ಪಕ್ಕದವರು ಸ್ವಂತ ಅಪ್ಪ.

ಮುಂದಿನ ಭೇಟಿಗೆ ಅಪ್ಪನನ್ನೂ ಒಳಗೆ ಕರೆದೆ. "ನನ್ನದೇನೂ ಇಲ್ಲ ಬಿಡ್ರಿ, ಅವಳದು ನೋಡ್ರಿ" ಅನ್ನುತ್ತಲೇ ಕೂತರು. ಮಾತಾಡಿಸಿದರೆ ಅವರ ಎಚ್‌ಬಿಎ1ಸಿ ಕೂಡ 9.6. ಮೂರು ಥರದ ಮಾತ್ರೆ ನುಂಗುತ್ತಿದ್ದಾರೆ. ರಾತ್ರಿ ಹೊತ್ತು ಇನ್ಸುಲಿನ್ ಶುರು ಮಾಡೋಣ ಅಂತ ಡಾಕ್ಟರ್ ಹೇಳಿ ವರ್ಷದ ಮೇಲಾಗಿದೆ, ಇವರು ಆಮೇಲೆ ಆ ಡಾಕ್ಟರ್ ಹತ್ತಿರ ಹೋಗಿಯೇ ಇಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೆಂಡತಿಗೆ ಗೊತ್ತಾಗಿದ್ದೇ ನನ್ನ ಮುಂದೆ.

ಇದರಲ್ಲಿ ನನಗೆ ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಸಹನಾ ಸಣ್ಣವಳಿದ್ದಾಗ ಮೊದಲ ವರ್ಷ ಪೂರ್ತಿ ಇನ್ಸುಲಿನ್ ಚುಚ್ಚುತ್ತಿದ್ದವರು ಅಪ್ಪ. ಆಗ ಅವರ ಮನೆಯಲ್ಲಿ ಪೆನ್ ಇರಲಿಲ್ಲ, ಬಾಟಲಿ ಮತ್ತು ಕೆಂಪು ಮುಚ್ಚಳದ ಸಿರಿಂಜು. ಫ್ರಿಜ್ಜಿಂದ ತೆಗೆದ ಬಾಟಲಿಯನ್ನ ಎರಡೂ ಅಂಗೈ ನಡುವೆ ಮೆಲ್ಲಗೆ ಉರುಳಿಸಿ, ಗುಳ್ಳೆ ಇಲ್ಲದ ಹಾಗೆ ಎಳೆದು, ಮಗಳಿಗೆ ಏನೋ ಕಥೆ ಹೇಳುತ್ತಾ ಚುಚ್ಚುತ್ತಿದ್ದರಂತೆ. ಅಂಥವರಿಗೆ ಸೂಜಿ ಭಯ ಅಂತ ನಾನು ನಂಬಲಿಲ್ಲ. ಬಿಡಿಸಿ ಕೇಳಿದಾಗ, "ಅವಳಿಗೆ ಅದು ಔಷಧಿ ಮೇಡಂ. ನನಗಾದ್ರೆ ಅದು ಮಾಡಿದ್ದುಣ್ಣೋದು" ಅಂದರು. ಅವರ ತಾಯಿಗೂ ಶುಗರ್ ಇತ್ತು. ಇನ್ಸುಲಿನ್ ಶುರು ಮಾಡಿದ ವರ್ಷವೇ ಕಾಲ್ಬೆರಳು ತೆಗೆದರು. ಹಾಗಾಗಿ ಇನ್ಸುಲಿನ್ ಅಂದರೆ ಕೊನೇ ಹಂತ ಅಂತ ಮನಸ್ಸಲ್ಲಿ ಕೂತುಬಿಟ್ಟಿದೆ.

ನಾನು ಡಾಕ್ಟರ್ ಅಲ್ಲ. ಡೋಸ್ ಬಗ್ಗೆ ಮಾತಾಡೋದಿಲ್ಲ. ಆದರೆ ಮೂವರನ್ನೂ ಎದುರು ಕೂರಿಸಿಕೊಂಡು ಕೆಲವು ವಿಷಯ ಹೇಳಲೇಬೇಕಿತ್ತು.

ಟೈಪ್ 1ರಲ್ಲಿ ಮೈಯನ್ನ ಕಾಯಬೇಕಾದ ರೋಗನಿರೋಧಕ ಕಣಗಳೇ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಬೀಟಾ ಕಣಗಳ ಮೇಲೆ ಬೀಳುತ್ತವೆ. ಇನ್ಸುಲಿನ್ ಹೊರಗಿಂದ ಕೊಡಲೇಬೇಕು, ಬೇರೆ ದಾರಿ ಇಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಇಂಥ ಮಕ್ಕಳು ಸಾಮಾನ್ಯವಾಗಿ ಒಂದೆರಡು ವರ್ಷವೂ ಉಳಿಯುತ್ತಿರಲಿಲ್ಲ. (ಈ ಮಾತು ಹೇಳಿದ್ದು ಸಹನಾಳ ಅಮ್ಮನ ತಾಯಿಗಾಗಿ. ಫೋನ್ ಮಾಡಿದಾಗಲೆಲ್ಲ ಸೂಜಿ ಬಿಟ್ಟು ಹಾಗಲಕಾಯಿ ರಸ ಕುಡಿ ಅನ್ನುತ್ತಾರಂತೆ.)

ಟೈಪ್ 2ಕ್ಕೆ ಬಂದರೆ, ಊಟ, ತೂಕ, ಓಡಾಟಕ್ಕೆ ಸಂಬಂಧ ಇದೆ. ಇಲ್ಲ ಅಂತ ಸುಳ್ಳು ಹೇಳಿ ಸಮಾಧಾನ ಮಾಡೋದು ನನಗೆ ಇಷ್ಟವಿಲ್ಲ. ಆದರೆ ಕಥೆ ಅಷ್ಟಕ್ಕೇ ಮುಗಿಯಲ್ಲ. ಇದು ಟೈಪ್ 1ಕ್ಕಿಂತಲೂ ಜಾಸ್ತಿ ವಂಶದಲ್ಲಿ ಹರಿದು ಬರುವ ಕಾಯಿಲೆ. ನಮ್ಮ ಜನರಿಗೆ ಕಡಿಮೆ ತೂಕದಲ್ಲೇ, ಸಣ್ಣ ವಯಸ್ಸಲ್ಲೇ ಬರುತ್ತೆ. ಅದಕ್ಕೇ ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದರೆ ಹುಷಾರು ಅನ್ನೋದು. ಈ ಅಪ್ಪನ ಅಣ್ಣ ಅದೇ ಅಂಗಡಿಯ ಗಲ್ಲಾದಲ್ಲಿ ಕೂತು, ಅದೇ ಬೆಣ್ಣೆದೋಸೆ ತಿಂದು 60 ದಾಟಿದ್ದಾರೆ, ಶುಗರ್ ಇಲ್ಲ. ಬರೀ ತಿಂದಿದ್ದೇ ಕಾರಣ ಅಂದರೆ ಅವರಿಗೂ ಬರಬೇಕಿತ್ತಲ್ವಾ? 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ ಇದೆ. ಅಷ್ಟೂ ಜನ ಹೊಟ್ಟೆಬಾಕರು ಅನ್ನೋದಕ್ಕಾಗುತ್ತಾ?

ಇನ್ನು ಇನ್ಸುಲಿನ್. ಟೈಪ್ 2 ಇರುವವರಲ್ಲೂ ವರ್ಷ ಕಳೆದ ಹಾಗೆ ಬೀಟಾ ಕಣಗಳು ಸೋಲುತ್ತಾ ಹೋಗುತ್ತವೆ. ಸರಿಯಾಗಿ ಮಾತ್ರೆ ತಗೊಂಡವರಿಗೂ ಒಂದು ದಿನ ಇನ್ಸುಲಿನ್ ಬೇಕಾಗಬಹುದು. ಅದು ಶಿಕ್ಷೆ ಅಲ್ಲ. ಕಾಲ್ಬೆರಳಿಗೆ ಹಾನಿ ಮಾಡುವುದು ವರ್ಷಗಟ್ಟಲೆ ಏರಿರುವ ಸಕ್ಕರೆ. ಅವರ ತಾಯಿಗೂ ಇನ್ಸುಲಿನ್ ಕೊಡೋ ಹೊತ್ತಿಗೆ ತಡವಾಗಿತ್ತು ಅಂತಲೇ ಅನ್ನಿಸುತ್ತೆ, ಅವರು ಹೇಳಿದ ವಿವರ ಕೇಳಿದರೆ. ದೋಷ ಮಾತ್ರ ಇನ್ಸುಲಿನ್ ತಲೆಗೆ ಬಂತು.

ಕೊಟ್ಟ ಸಲಹೆಗೆ ಬರುತ್ತೇನೆ.

ಅಮ್ಮನಿಗೆ: "ತಿಂದು ಬಂದಿದ್ದಲ್ಲ" ಅನ್ನೋ ಮಾತನ್ನ ಬಿಟ್ಟುಬಿಡಿ. ಯಾರಾದರೂ ಕೇಳಿದರೆ "ಅವಳ ಮೈಯಲ್ಲಿ ಇನ್ಸುಲಿನ್ ತಯಾರಾಗಲ್ಲ, ಹೊರಗಿಂದ ತಗೋತಾಳೆ, ಲೆಕ್ಕ ಹಾಕಿ ಹೋಳಿಗೆನೂ ತಿಂತಾಳೆ" ಅಂದರೆ ಸಾಕು. ಇನ್ನೊಬ್ಬರನ್ನ ಎಳೆದು ತರದೆಯೇ ಮಗಳ ಪರ ನಿಲ್ಲಬಹುದು. ಸಕ್ಕರೆ ನೋಡೋ ಮೀಟರಿನಲ್ಲಿ 280 ಬಂದಾಗ "ಏನು ತಿಂದೆ?" ಅನ್ನೋದನ್ನೂ ಬಿಡಿ, ಅಪ್ಪನಿಗೂ ಸೇರಿಸಿ. ಹಾಗೆ ಕೇಳೋ ಮನೆಯಲ್ಲಿ ಜನ ನಿಜ ಹೇಳೋದನ್ನ ನಿಲ್ಲಿಸುತ್ತಾರೆ, ಆಮೇಲೆ ಚೆಕ್ ಮಾಡೋದನ್ನೇ ನಿಲ್ಲಿಸುತ್ತಾರೆ. ಜ್ವರ, ಟೆನ್ಷನ್, ನಿದ್ದೆಗೆಟ್ಟಿದ್ದು, ಮುಟ್ಟಿನ ದಿನಗಳು, ಎಲ್ಲಕ್ಕೂ ಸಕ್ಕರೆ ಏರಬಹುದು. "ಈಗ ಏನು ಮಾಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ?" ಅಂತ ಕೇಳಿ.

ಸಹನಾಗೆ: ರೂಮಿನ ಇಬ್ಬರಿಗೂ ವಾರ್ಡನ್‌ಗೂ ಹೇಳಲೇಬೇಕು. ಇದು ನಾಚಿಕೆ ಬಿಡೋ ಪ್ರಶ್ನೆ ಅಲ್ಲ, ಪ್ರಾಣದ ಪ್ರಶ್ನೆ. ಅವರಿಗೆ ಗೊತ್ತಿರಬೇಕಾದ್ದು ಸ್ವಲ್ಪವೇ. ಸಕ್ಕರೆ 70ಕ್ಕಿಂತ ಇಳಿದು ನಡುಗಿ ಬೆವರುತ್ತಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ವಾಂತಿ, ಏದುಸಿರು ಅಂದರೆ ಗ್ಯಾಸ್ಟ್ರಿಕ್ ಅಂತ ಕೂರದೆ ಆಸ್ಪತ್ರೆಗೆ. ಊಟ ಸೇರದ ದಿನವೂ ತಾನಾಗಿ ಇನ್ಸುಲಿನ್ ನಿಲ್ಲಿಸಬಾರದು, ಡಾಕ್ಟರನ್ನ ಕೇಳಬೇಕು. ಪರೀಕ್ಷೆ ಹಾಲ್‌ಗೆ ಮೀಟರ್, ಗ್ಲೂಕೋಸ್ ಒಯ್ಯೋದಕ್ಕೆ ಡಾಕ್ಟರ್ ಚೀಟಿ ಇಟ್ಟು ಮೊದಲೇ ಅರ್ಜಿ ಕೊಡು ಅಂದೆ. ಟೈಪ್ 1 ಇರುವ ಮಕ್ಕಳು ಪರೀಕ್ಷೆಗೆ ತಿನ್ನೋ ಪದಾರ್ಥ ಒಯ್ಯಬಹುದು ಅಂತ ಸಿಬಿಎಸ್‌ಇ 2017ರಲ್ಲೇ ಸುತ್ತೋಲೆ ಹೊರಡಿಸಿದೆ, ಕಾಲೇಜಿನವರಿಗೆ ಅದನ್ನ ತೋರಿಸಬಹುದು. ಇನ್ನೊಂದು ಮಾತನ್ನೂ ಹೇಳಿದೆ: ಅಪ್ಪನ ಮಾನ ಕಾಯೋದಕ್ಕೆ ನೀನು ಕಾಯಿಲೆ ಬೀಳಬೇಕಾಗಿಲ್ಲ.

ಅಪ್ಪ ಅದನ್ನ ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ. ಅವಳು ಮಧ್ಯಾಹ್ನದ ಡೋಸ್ ಬಿಟ್ಟಿದ್ದಕ್ಕೂ ತನಗೂ ಸಂಬಂಧ ಇದೆ ಅಂತ ಅವರಿಗೆ ಆವರೆಗೆ ಗೊತ್ತಿರಲಿಲ್ಲ. ಅವರಿಗೆ ನಾನು ಕೊಟ್ಟ ಸಲಹೆ ಒಂದೇ, ವಾಪಸ್ ಡಾಕ್ಟರ್ ಹತ್ತಿರ ಹೋಗಿ, ಕಾಲು ಮತ್ತು ಕಣ್ಣಿನ ಪರೀಕ್ಷೆನೂ ಮಾಡಿಸಿ. "ನಾನು ಬರ್ತೀನಿ ಅಪ್ಪಾಜಿ, ಪೆನ್ ಹೆಂಗೆ ಹಾಕ್ಕೊಳ್ಳೋದು ತೋರಿಸ್ತೀನಿ" ಅಂದಳು ಸಹನಾ. "ನಿನಗೆ ಕಲಿಸಿದ್ದೇ ನಾನು" ಅಂದರು ಅವರು, ಸ್ವಲ್ಪ ಜೋರಾಗೇ.

ಈಗ ಅಪ್ಪ ರಾತ್ರಿ ಇನ್ಸುಲಿನ್ ತಗೊಳ್ಳುತ್ತಿದ್ದಾರೆ. ಅಂಗಡಿ ಹುಡುಗರಿಗೆ ಹೇಳಿಲ್ಲ. ಹೇಳೋದು ಬಿಡೋದು ಅವರಿಷ್ಟ, ಸಕ್ಕರೆ ಇಳಿಯೋ ಸಾಧ್ಯತೆ ಇರೋದರಿಂದ ಒಬ್ಬನಿಗಾದರೂ ತಿಳಿಸಿ ಅಂದಿದ್ದೇನೆ. ಸಹನಾ ರೂಮಿನಲ್ಲಿ ಮಂಚದ ಮೇಲೆ ಕೂತೇ ಪೆನ್ ಹಾಕಿಕೊಳ್ಳುತ್ತಾಳೆ, ಕ್ಯಾಂಟೀನಿನಲ್ಲಿ ಇನ್ನೂ ಆಗಿಲ್ಲ. ಹಾಗಾಗಿ ಮಧ್ಯಾಹ್ನ ಊಟಕ್ಕೆ ಹಾಸ್ಟೆಲ್‌ಗೇ ಬರುತ್ತಾಳೆ, ನಡೆಯೋದು ಜಾಸ್ತಿ ಆದರೂ ಡೋಸ್ ತಪ್ಪುತ್ತಿಲ್ಲ. ಅಮ್ಮನ ಜೊತೆ ಮಾತ್ರ ಒಂದು ವಿಷಯ ಬಗೆಹರಿದಿಲ್ಲ. ಮುಂದೆ ಮದುವೆ ಮಾತುಕತೆಯಲ್ಲಿ ಟೈಪ್ 1 ವಿಷಯ ಮೊದಲೇ ಹೇಳಬೇಕು ಅಂತ ನಾನು, ನಿಶ್ಚಯ ಆಗಲಿ ಆಮೇಲೆ ನೋಡೋಣ ಅಂತ ಅವರು. ನೋಡೋಕೆ ಬಂದ ಹುಡುಗನಿಗೆ ತಾನೇ ಹೇಳ್ತೀನಿ ಅಂತ ಸಹನಾ ಅಂದಿದ್ದಕ್ಕೆ, "ಮೊದಲು ಡಿಗ್ರಿ ಮುಗಿಸು" ಅಂದರು ಅಮ್ಮ. ಸದ್ಯ ಮಾತು ಅಲ್ಲಿಗೆ ನಿಂತಿದೆ.