ತಂಬಾಕು ಮುಟ್ಟಿಲ್ಲ, ಬರೀ ಅಡಿಕೆ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮಂಜುನಾಥನಿಗೆ 27 ವರ್ಷ. ಮಲೆನಾಡಿನ ಸಣ್ಣ ಅಡಿಕೆ ಬೆಳೆಗಾರರ ಮಗ, ಪಿಕಪ್ ವಾಹನದಲ್ಲಿ ಮಂಡಿಗೆ ಮೂಟೆ ಸಾಗಿಸುತ್ತಾನೆ. ವರ್ಷದಿಂದ ಬಾಯಿಹುಣ್ಣು, ಸಾರಿನ ಖಾರ ತಗುಲಿದರೂ ಉರಿ. ತಾಯಿ ಉಷ್ಣವೆಂದು ಮೆಂತ್ಯದ ನೀರು, ಎಳನೀರು ಕೊಟ್ಟರು. ಔಷಧ ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ಬಂತು. ಉರಿ ಕಡಿಮೆಯಾಗಲಿಲ್ಲ. ಕೊನೆಗೆ ದಂತವೈದ್ಯರು ಬಯಾಪ್ಸಿ ಮಾಡಿಸಿ, ಇದು ಬಾಯಿಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಖಚಿತಪಡಿಸಿಕೊಂಡು, ಅಡಿಕೆ ಜಗಿಯುವ ಚಟ ಬಿಡಿಸಲು ನನ್ನ ಬಳಿಗೆ ಕಳುಹಿಸಿದರು.

ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಲು ಹೇಳಿದೆ. ಎರಡನೆಯ ಬೆರಳೇ ಕಷ್ಟಪಟ್ಟು ಹೋಯಿತು. ಕೆನ್ನೆ ಉಬ್ಬಿಸಲು, ಸಿಳ್ಳೆ ಹಾಕಲು ಆಗುತ್ತಿರಲಿಲ್ಲ. ರೊಟ್ಟಿಯನ್ನು ಚೂರು ಚೂರಾಗಿ ಮುರಿದು ತಿನ್ನುವುದು ಯಾವಾಗ ಅಭ್ಯಾಸವಾಯಿತೋ ಆತನಿಗೇ ನೆನಪಿಲ್ಲ.

"ನಾನು ತಂಬಾಕು ಮುಟ್ಟಿದವನಲ್ಲ ಮೇಡಂ, ಬರೀ ಪಾನ್ ಮಸಾಲ," ಎಂದ. ಈ ಮಾತನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಅದನ್ನು ಅವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ ಎಂಬುದೇ ನನ್ನ ಸಂಕಟ. ಈ ಕಾಯಿಲೆಗೆ ಪಾನ್ ಮಸಾಲದಲ್ಲಿರುವ ಅಡಿಕೆಯೊಂದೇ ಸಾಕು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ, ಕೆನ್ನೆಯ ಒಳಪದರದ ಕೆಳಗೆ ನಾರಿನಂಥ ಕೊಲಾಜನ್ ಹೆಚ್ಚುವಂತೆ ಮಾಡುತ್ತದೆ. ಅಡಿಕೆಗೆ ಒಗರು ಕೊಡುವ ಟ್ಯಾನಿನ್‌ಗಳು ಆ ಕೊಲಾಜನ್ ಕರಗದಂತೆ ತಡೆಯುತ್ತವೆ, ತಾಮ್ರದ ಅಂಶ ಎಳೆಗಳನ್ನು ಬಿಗಿಯಾಗಿ ಹೆಣೆಯಲು ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

"ಹಾಗಾದರೆ ನನಗೆ ಕ್ಯಾನ್ಸರ್ ಬಂದೇ ಬರುತ್ತದೆಯೇ?" ಎಂದು ಕೇಳಿದ. ಮುಚ್ಚಿಡಲಿಲ್ಲ. ಎರ್ನಾಕುಲಂನಲ್ಲಿ ಇದೇ ಕಾಯಿಲೆಯ 66 ಮಂದಿಯನ್ನು 17 ವರ್ಷ ಗಮನಿಸಿದಾಗ 5 ಮಂದಿಗೆ ಕ್ಯಾನ್ಸರ್ ಬಂತು. ಹೆಚ್ಚಿನವರಿಗೆ ಬರಲಿಲ್ಲ, ಆದರೆ ಕಡೆಗಣಿಸುವಷ್ಟು ಕಡಿಮೆಯೂ ಅಲ್ಲ. ಆತನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಮಾಮೂಲಿ ಬಾಯಿಹುಣ್ಣು ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ, ಮೂರು ವಾರವಾದರೂ ಮಾಯದ ಯಾವ ಹುಣ್ಣಿದ್ದರೂ ನಿಗದಿತ ತಪಾಸಣೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು ಎಂದು ಬರೆದುಕೊಟ್ಟೆ.

ತಂದೆಯನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. "ಈ ತೋಟವೇ ಇವನನ್ನು ಓದಿಸಿದ್ದು. ನಮ್ಮಪ್ಪ ಎಲೆ ಅಡಿಕೆ ಹಾಕಿಕೊಂಡೇ ಎಂಬತ್ತು ದಾಟಿದರು," ಎಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ತೋಟ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ, ಮಗನ ಬಾಯಿಗೆ ಬೆಳಗಿನಿಂದ ರಾತ್ರಿವರೆಗೆ ಅಡಿಕೆ ಬೀಳಬಾರದು ಎನ್ನುತ್ತಿದ್ದೇನೆ ಎಂದೆ. ಊಟದ ನಂತರದ ಒಂದು ತಾಂಬೂಲವೂ ಇವನಿಗೆ ಇನ್ನು ಬೇಡ.

ಬಿಡುವುದು ಮನೋಬಲದ ಪ್ರಶ್ನೆ ಮಾತ್ರವಲ್ಲ. ನಿಕೋಟಿನ್ ಮಿದುಳಿನಲ್ಲಿ ಹಿಡಿಯುವ ಗ್ರಾಹಕಗಳನ್ನೇ ಅರೆಕೋಲಿನ್ ಕೂಡ ಪ್ರಚೋದಿಸುತ್ತದೆಂದು 2015ರ ಸಂಶೋಧನೆಯೊಂದು ತೋರಿಸಿತು. ಹಾಗಾಗಿ ಮೊದಲ ವಾರಗಳಲ್ಲಿ ಸಿಡುಕು, ನಿದ್ದೆಗೇಡು ಬಂದರೆ ಬೈಯಬೇಡಿ ಎಂದು ಮನೆಯವರಿಗೆ ತಿಳಿಸಿದೆ. ಮಂಡಿಯಲ್ಲಿ ಸರದಿಗೆ ಕಾಯುವಾಗಲೇ ಆತನ ಕೈ ಪೊಟ್ಟಣಕ್ಕೆ ಹೋಗುತ್ತಿತ್ತು. ಆ ಹೊತ್ತಿಗೆ ಜೇಬಿನಲ್ಲಿ ಸೋಂಪು ಇರಲಿ, ವಾಹನದಲ್ಲಿ ಒಂದು ಪೊಟ್ಟಣವೂ ಉಳಿಯದಿರಲಿ, ಆಸೆ ತಡೆಯಲಾಗದಿದ್ದರೆ ಕೂಡಲೇ ನನಗೆ ಫೋನ್ ಮಾಡಲಿ ಎಂದು ಒಪ್ಪಿಕೊಂಡೆವು. ವೈದ್ಯರು ಕಲಿಸಿದ ಬಾಯಿ ತೆರೆಯುವ ವ್ಯಾಯಾಮವನ್ನು ಐಸ್‌ಕ್ರೀಂ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದೊಂದಾಗಿ ಸೇರಿಸುತ್ತಾ ದಿನವೂ ಮಾಡಬೇಕು. ಗಟ್ಟಿಯಾದ ಕೆನ್ನೆ ಪೂರ್ತಿ ಮೊದಲಿನಂತಾಗುತ್ತದೆಂಬ ಭರವಸೆ ಕೊಡಲಿಲ್ಲ.

ಈಗ ಉರಿ ಬಹಳ ಕಡಿಮೆಯಾಗಿದೆ, ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಕೊಯ್ಲಿನ ಸಮಯದಲ್ಲಿ ಒಮ್ಮೆ ಜಾರಿದ, ತಾನೇ ಬಂದು ಹೇಳಿದ. ಮುಂದಿರುವುದು ಮದುವೆಗಳ ಕಾಲ. ಹಿರಿಯರು ಕೊಟ್ಟ ತಾಂಬೂಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಚೀಲದಲ್ಲಿಡು, ಬಾಯಿಗೆ ಹಾಕದಿದ್ದರೆ ಯಾರಿಗೂ ಅಗೌರವವಾಗದು ಎಂದು ಈಚೆಗೆ ತಂದೆಯೇ ಮಗನಿಗೆ ಹೇಳಿಕೊಟ್ಟಿದ್ದಾರೆ.