ಎತ್ತರಕ್ಕಿಂತ ಮೊದಲು ಗುಂಡಿ ನೋಡಿ

ಮಾನ್ಯರೇ,

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಹಿಂಬದಿಯ ನಿಮ್ಮ ಹಳೆಯ ಮನೆಗೆ ತಾಗಿದ ನಿವೇಶನದಲ್ಲಿ ಎರಡು ಬೇಸ್‌ಮೆಂಟ್ ಇರುವ 14 ಅಂತಸ್ತಿನ ಐಷಾರಾಮಿ ಅಪಾರ್ಟ್‌ಮೆಂಟ್ ಬರಲಿದೆ, ಏನು ಮಾಡಲಿ ಎಂದು ಕೇಳಿದ್ದೀರಿ.

ನಿಮ್ಮ ಪತ್ರದ ತುಂಬ ಎತ್ತರದ ಮಾತೇ ಇದೆ. ಆದರೆ ಮನೆಗೆ ಅಪಾಯ ಬರುವುದು ಗುಂಡಿಯಿಂದ. ಎರಡು ಬೇಸ್‌ಮೆಂಟ್ ಎಂದರೆ ಸುಮಾರು 7 ಮೀಟರ್ ಆಳ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಂಥ ಮನೆಗಳ ಕಲ್ಲಿನ ಪಾಯ ಸಾಮಾನ್ಯವಾಗಿ ಮೂರು ನಾಲ್ಕು ಅಡಿ ಮೀರುವುದಿಲ್ಲ. ಕಂಬ, ಬೀಮ್ ಇರುವುದಿಲ್ಲ, ಭಾರವೆಲ್ಲ ಗೋಡೆಯ ಮೇಲೆ. ಪಕ್ಕದಲ್ಲಿ ಅಗೆದಾಗ ಪಾಯ ನಿಧಾನವಾಗಿ, ಸಮನಾಗಿ ಇಳಿದರೆ ಗಾರೆ ತಾಳಿಕೊಳ್ಳುತ್ತದೆ. ಒಂದು ಮೂಲೆ ಮಾತ್ರ ಬೇಗ ಇಳಿದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ.

ಆದ್ದರಿಂದ ಅಗೆಯುವ ಮುನ್ನವೇ ಗಡಿಯುದ್ದಕ್ಕೂ ಕೊರೆದು ಹಾಕುವ ಕಾಂಕ್ರೀಟ್ ಪೈಲ್‌ಗಳ (ನೆಲದಾಳಕ್ಕೆ ಇಳಿಸುವ ಕಂಬಗಳ) ತಡೆಗೋಡೆ ಆಗಬೇಕೆಂದು ಲಿಖಿತವಾಗಿ ಕೇಳಿ. ಬಡಿದು ಇಳಿಸುವ ಪೈಲ್ ಬೇಡವೇ ಬೇಡ. ತಡೆಗೋಡೆಯನ್ನು ಹಿಡಿದು ನಿಲ್ಲಿಸಲು ಹಾಕುವ ಉಕ್ಕಿನ ಆ್ಯಂಕರ್‌ಗಳು ನಿಮ್ಮ ನೆಲದಡಿ ಬರುವುದಾದರೆ ನಿಮ್ಮ ಒಪ್ಪಿಗೆ ಬೇಕು. ನಕ್ಷೆ ನೋಡದೆ ಸಹಿ ಹಾಕಬೇಡಿ. ಬಂಡೆ ಸಿಕ್ಕರೆ ಸಿಡಿಮದ್ದು ಬೇಡ, ರಾಸಾಯನಿಕ ತುಂಬಿ ಸೀಳುವ ವಿಧಾನವಿದೆ. ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ಸ್ಫೋಟದ ಕಂಪನಕ್ಕೆ ಐತಿಹಾಸಿಕ ಕಟ್ಟಡದ ಬಳಿ ಇಟ್ಟಿರುವ ಮಿತಿ, 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದಲ್ಲಿ (ಸೆಕೆಂಡಿಗೆ 8ಕ್ಕಿಂತ ಕಡಿಮೆ ಸಲ ಅಲುಗಿದಾಗ), ನೆಲ ಅಲುಗುವ ವೇಗ ಸೆಕೆಂಡಿಗೆ 2 ಮಿಲಿಮೀಟರ್. ಅಗೆತದಲ್ಲೂ ಅದನ್ನೇ ಅಳತೆಗೋಲಾಗಿ ಕೇಳಿ.

ಗುಂಡಿಯಿಂದ ಪಂಪ್ ಹೊರಹಾಕುವ ನೀರಿನ ಬಣ್ಣ ದಿನವೂ ಗಮನಿಸಿ. ಕೆಂಪಗೆ, ಮಣ್ಣಾಗಿ ಬಂದರೆ ನಿಮ್ಮ ಪಾಯದಡಿಯ ನುಣ್ಣನೆಯ ಮಣ್ಣು ಹರಿದುಹೋಗುತ್ತಿರಬಹುದು; ಅಂದೇ ಪಂಪ್ ನಿಲ್ಲಿಸಲು ಹೇಳಿ. ಮಳೆಗಾಲದಲ್ಲಿ ಅಗೆತ ಆರಂಭಿಸಲು ಬಿಡಬೇಡಿ. ನಮ್ಮೂರಿನ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದದ್ದೂ ಆಗಸ್ಟ್ ತಿಂಗಳಲ್ಲೇ. ನೆನೆದ ಗಾರೆ ಗೋಡೆಯ ಬಲ ತಗ್ಗುತ್ತದೆ.

ಈಗಲೇ ಮಾಡಬೇಕಾದ್ದು ಸ್ಥಿತಿ ದಾಖಲೆ. ನೀವು ಆರಿಸಿದ ಸ್ಟ್ರಕ್ಚರಲ್ ಎಂಜಿನಿಯರ್, ಬಿಲ್ಡರ್ ಖರ್ಚಿನಲ್ಲಿ, ಪ್ರತಿ ಕೋಣೆಯ ಬಿರುಕಿಗೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ವರದಿ ಬರೆಯಲಿ, ಅದಕ್ಕೆ ನೀವೂ ಬಿಲ್ಡರೂ ಸಹಿ ಹಾಕಿ. ಹಳೆಯ ಬಿರುಕಿನ ಮೇಲೆ, ಅದು ಹಿಗ್ಗಿತೇ ಎಂದು ತೋರಿಸುವ ಅಳತೆಪಟ್ಟಿ ಅಂಟಿಸಿ, ಅಗೆಯುವಾಗ ದಿನವೂ ಓದಿ ಬರೆದಿಡಿ. ಈ ಕಾಗದವಿಲ್ಲದಿದ್ದರೆ 'ಈ ಬಿರುಕು ಮೊದಲೇ ಇತ್ತು' ಎನ್ನುತ್ತಾರೆ, ನಿಮ್ಮ ಬಳಿ ಉತ್ತರವಿರುವುದಿಲ್ಲ.

ಕಾನೂನು ನಿಮ್ಮ ಪಕ್ಕದಲ್ಲಿದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯಡಿ (ಈಸ್‌ಮೆಂಟ್ಸ್ ಆ್ಯಕ್ಟ್), ಪಕ್ಕದ ನೆಲದ ಆಸರೆಯನ್ನು 20 ವರ್ಷ ನಿರಾತಂಕವಾಗಿ ಪಡೆದ ಕಟ್ಟಡಕ್ಕೆ ಆ ಆಸರೆಯ ಹಕ್ಕು ಬರುತ್ತದೆ.

ಎತ್ತರದ ಪ್ರಶ್ನೆಗೆ ಟೇಪ್ ಹಿಡಿಯಿರಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡ ಬಹುಮಹಡಿ. ಅದರ ಮುಂದಿನ ರಸ್ತೆ 12 ಮೀಟರ್ ಅಗಲವಿರಬೇಕು. ನಿಮ್ಮ ಓಣಿ ಅಷ್ಟಿಲ್ಲದಿದ್ದರೆ ಅಗ್ನಿಶಾಮಕ ಇಲಾಖೆಗೂ ಯೋಜನಾ ಪ್ರಾಧಿಕಾರಕ್ಕೂ ಇಂದೇ ಆಕ್ಷೇಪಣೆ ಸಲ್ಲಿಸಿ. ಹಳೆ ಪೇಟೆಯಲ್ಲಿ ಜನ ಬಂದು ನೆಲೆಸುವುದು ಒಳ್ಳೆಯದೇ, ಆದರೆ ಅಗ್ನಿಶಾಮಕ ವಾಹನ ನುಗ್ಗದ ಓಣಿಯಲ್ಲಿ ಗೋಪುರ ಏಳಬಾರದು.

ಕೊನೆಗೆ, ಸಣ್ಣ ಬಿರುಕು ಬಿಟ್ಟರೆ ಸಿಮೆಂಟ್ ಮೆತ್ತಬೇಡಿ, ಅದು ಗೋಡೆಯೊಳಗೆ ತೇವ ಕಟ್ಟಿಹಾಕುತ್ತದೆ. ಬೇಸ್‌ಮೆಂಟಿಗೆ ಚಾವಣಿ ಹಾಕಿದ ಮೇಲೆ ಒಂದು ಮಳೆಗಾಲ ಕಳೆಯಲಿ, ಅಳತೆಪಟ್ಟಿ ಅಲುಗದಿದ್ದರೆ ಸುಣ್ಣದ ಗಾರೆಯಿಂದಲೇ ತುಂಬಿಸಿ.

– ಸಂ.