ಓದುಗರ ಪ್ರಶ್ನೆ: ಅಮೆರಿಕದ ವಿಜ್ಞಾನ ಸಂಶೋಧನೆಯಲ್ಲಿ ಕಪ್ಪು ಸಮುದಾಯ

ಪ್ರಶ್ನೆ: ಅಮೆರಿಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ವಿಷಯಗಳ ಪಿಎಚ್.ಡಿ. ಪದವೀಧರರಲ್ಲೂ ಪ್ರಾಧ್ಯಾಪಕರಲ್ಲೂ ಕಪ್ಪು ಸಮುದಾಯದವರು ಕಡಿಮೆ ಎಂದು ಓದಿದೆ. ಇದನ್ನು ಸರಿಪಡಿಸುವಲ್ಲಿ ಫಲ ಕೊಟ್ಟ ಪ್ರಯತ್ನ ಯಾವುದಾದರೂ ಇದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇದೆ. ದಾನಿ ರಾಬರ್ಟ್ ಮೇಯರ್‌ಹಾಫ್ ಅವರ ನೆರವಿನಿಂದ, ಗಣಿತ ಓದಿದ ಫ್ರೀಮನ್ ಹ್ರಬೋವ್ಸ್ಕಿ 1988ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್‌ನಲ್ಲಿ ಮೇಯರ್‌ಹಾಫ್ ಯೋಜನೆಯನ್ನು ಆರಂಭಿಸಿದರು. ಮೊದಲ ತಂಡದಲ್ಲಿ ಕಪ್ಪು ಯುವಕರಷ್ಟೇ ಇದ್ದರು. 1990ರಲ್ಲಿ ಯುವತಿಯರಿಗೂ, 1996ರಲ್ಲಿ ಎಲ್ಲ ಜನಾಂಗದವರಿಗೂ ಪ್ರವೇಶ ದೊರೆಯಿತು.

ವಿದ್ಯಾರ್ಥಿವೇತನ ಈ ಯೋಜನೆಯ ಒಂದು ಭಾಗ ಮಾತ್ರ. ತರಗತಿಗಳು ಆರಂಭವಾಗುವ ಮೊದಲೇ ಬೇಸಿಗೆಯಲ್ಲಿ ಒಟ್ಟಾಗಿ ನೆಲೆಸಿ ಕಲಿಯುವುದು, ಗುಂಪಾಗಿ ಅಭ್ಯಾಸ ಮಾಡುವುದು, ಪದವಿಯ ಹಂತದಲ್ಲೇ ಪ್ರಯೋಗಾಲಯದ ಸಂಶೋಧನೆಗೆ ಇಳಿಯುವುದು, ಪಿಎಚ್.ಡಿ.ಯನ್ನೇ ಗುರಿಯಾಗಿಟ್ಟುಕೊಳ್ಳುವುದು ಇದರ ನಿಜವಾದ ಬಲವೆಂದು ನನಗೆ ತೋರುತ್ತದೆ; ಏಕೆಂದರೆ ಪ್ರತಿಭಾವಂತರೂ ವಿಜ್ಞಾನ ಬಿಡುವುದು ಹಲವು ವೇಳೆ ಒಂಟಿತನದಿಂದಲೇ. ಕೊರೊನಾ ಲಸಿಕೆಯ ಸಂಶೋಧನೆಯಲ್ಲಿ ಪ್ರಮುಖ ಪಾತ್ರ ವಹಿಸಿ, ಬಳಿಕ ಹಾರ್ವರ್ಡ್‌ನಲ್ಲಿ ಅಧ್ಯಾಪಕರಾದ ಕಿಜ್‌ಮೆಕಿಯಾ ಕಾರ್ಬೆಟ್ ಇದೇ ಯೋಜನೆಯ ವಿದ್ಯಾರ್ಥಿನಿ. ಆದರೆ ಪಿಎಚ್.ಡಿ. ಪಡೆದವರೆಲ್ಲ ಪ್ರಾಧ್ಯಾಪಕರಾಗುವುದಿಲ್ಲ, ನೇಮಕಾತಿ ಸಮಿತಿಗಳು ಪರಿಚಿತ ವಲಯದಲ್ಲೇ ಅಭ್ಯರ್ಥಿಗಳನ್ನು ಹುಡುಕುವವರೆಗೂ ಆ ಕೊರತೆ ನೀಗುವುದು ಕಷ್ಟ.